ಜೋಡಣೆ ತಪ್ಪಿದರೆ ಹೆಸರೇ ಒಡೆಯುತ್ತದೆ!

(ಚಿಕ್ಕೋಡಿ ಸೀಮೆಯ ಮುದ್ರಣಾಲಯದ ಮಾಲೀಕರೊಬ್ಬರು, ಕಂಪ್ಯೂಟರ್ ಕಲಿಯುತ್ತಿರುವ ತರುಣರೆದುರು ಆಡಿದ ಮಾತುಗಳ ಬರಹರೂಪ)



ನಾನು ದೊಡ್ಡ ಓದು ಓದಿದವನಲ್ಲ. ಪಿಯುಸಿ ಮುಗಿಸಿದೆ, ಅಪ್ಪನ ಪ್ರೆಸ್ಸಿಗೆ ಬಂದು ನಿಂತೆ. ಇಂದಿಗೂ ಅಲ್ಲೇ ನಿಂತಿದ್ದೇನೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಕಬ್ಬಿನ ಗಾಡಿಯವರ ಚೀಟಿ, ಇವೇ ನನ್ನ ಕೆಲಸ. ಇಂಥವನು ನಿಮಗೆ ಸಾಫ್ಟ್‌ವೇರ್ ವಿಷಯ ಹೇಳುವುದೇ ಎಂದು ನೀವು ನಕ್ಕರೂ ನನಗೆ ಬೇಸರವಿಲ್ಲ. ನಕ್ಕು ಮುಗಿಸಿ, ಆಮೇಲೆ ಕೇಳಿ. ಒಂದು ಸಣ್ಣ ಎರರ್‌ನಿಂದ ಒಬ್ಬ ಹೆಣ್ಣುಮಗಳ ಹೆಸರು ನನ್ನ ಪ್ರೆಸ್ಸಿನಲ್ಲಿ ಒಡೆದುಹೋದ ಕಥೆ ಇದು. ಆ ಎರರ್ ನಾಳೆ ನಿಮ್ಮ ಪರದೆಯ ಮೇಲೂ ಬರುತ್ತದೆ.

ನಮ್ಮ ಸೀಮೆಯ ಪ್ರೆಸ್ಸಿನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಪ್ಪಾಣಿಯ ಮನೆಯ ಮಗಳಿಗೆ ಕಾಗಲ್‌ನ ವರ. ಕಾಗವಾಡದ ಹುಡುಗನಿಗೆ ಮಿರಜದ ಕನ್ಯೆ. ಪತ್ರಿಕೆಯ ಒಂದು ಪುಟ ಕನ್ನಡ, ಇನ್ನೊಂದು ಪುಟ ಮರಾಠಿ. ಎರಡೂ ಕಡೆಯ ಬೀಗರು ಓದಬೇಕಲ್ಲ! ಹಳೆಯ ಪೇಜ್‌ಮೇಕರ್ ಕಾಲದಲ್ಲಿ ಕನ್ನಡಕ್ಕೊಂದು ಫಾಂಟು, ಮರಾಠಿಗೊಂದು ಫಾಂಟು. ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆದರೆ ಬರೀ ಕಸ. ಇಂದು ಯುನಿಕೋಡ್ ಇದೆ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಜಾಗವಿದೆ. ಗಿರಾಕಿ ತನ್ನ ಮೊಬೈಲಿನಲ್ಲಿ ಹೆಸರು ಬರೆದು ಕಳಿಸುತ್ತಾನೆ. ಅದನ್ನೇ ಎತ್ತಿ ಪತ್ರಿಕೆಯಲ್ಲಿ ಕೂರಿಸುವ ಒಂದು ಚಿಕ್ಕ ಪ್ರೋಗ್ರಾಂ ನಮ್ಮದೇ ಆದದ್ದು ಇರಲಿ ಎಂಬ ಆಸೆ ನನಗೆ ಬಂತು.

ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದ. ರಜೆಯಲ್ಲಿ ಬಂದು ಕುಳಿತ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆಯತೊಡಗಿದ. ಎಲ್ಲವನ್ನೂ ತಾನೇ ಬರೆಯಲಿಲ್ಲ, ಬರೆಯಬೇಕಾಗಿಯೂ ಇಲ್ಲ. ಫಾಂಟ್ ಕಡತದಿಂದ ಅಕ್ಷರದ ಆಕಾರ ತೆಗೆದುಕೊಡಲು ಫ್ರೀಟೈಪ್ ಎಂಬ ಲೈಬ್ರರಿ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಬರಬೇಕು, ಗುಣಿತದ ಚಿಹ್ನೆ ಎಲ್ಲಿ ಕೂಡಬೇಕು ಎಂದು ನಿರ್ಧರಿಸಲು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿ. ಎರಡೂ ಬಿಟ್ಟಿಯಾಗಿ ಸಿಗುವಂಥವು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಇವೆಲ್ಲ ಹಾರ್ಫ್‌ಬಜ್ ಬಳಸುತ್ತವೆ. ನಿಮ್ಮ ಫೋನಿನಲ್ಲಿ ಕನ್ನಡದ ಒತ್ತು ಸರಿಯಾಗಿ ಕಾಣುವುದರ ಹಿಂದೆ ಇಂಥ ಲೈಬ್ರರಿಯ ದುಡಿಮೆ ಇದೆ. ನೆನಪಿಡಿ, ಫ್ರೀಟೈಪ್ ಒಂದೇ ಇದ್ದರೆ ಸಾಲದು. ಅದು ಆಕಾರ ಕೊಡುತ್ತದೆ, ಜೋಡಿಸಿ ಕೊಡುವುದಿಲ್ಲ.

ಒಂದು ದಿನ ಹುಡುಗ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

“ಯಾಕೋ ಅಳಿಯಾ?” ಎಂದೆ.

“ಮಾಮಾ, ಕಂಪೈಲ್ ಆಗೇತಿ, ಲಿಂಕ್ ಆಗವಲ್ದು. ಅನ್‌ರಿಸಾಲ್ವ್ಡ್ ಎಕ್ಸ್‌ಟರ್ನಲ್ ಸಿಂಬಲ್ ಅಂತೈತಿ.”

“ಹಂಗಂದ್ರ?”

“ಪೂರಾ ತಿಳಿಯವಲ್ದು. ಆದ್ರ ಆ ನಾಕ್ ಸಾಲ ತಗದ್ರ ಎರರ್ ಹೋಗ್ತೈತಿ.”

“ಹಂಗಾದ್ರ ತಗಿ” ಎಂದೆ. ತಪ್ಪು ನನ್ನದು! ಗೊತ್ತಿಲ್ಲದವನು ಯಜಮಾನಿಕೆ ಮಾಡಿದೆ. ಹಾರ್ಫ್‌ಬಜ್ ಕರೆಯುವ ಸಾಲುಗಳು ಹೋದವು. ಎರರೂ ಹೋಯಿತು. ಇಂಗ್ಲಿಷ್ ಹೆಸರು ಹಾಕಿ ನೋಡಿದೆವು, ಚೆಂದ ಬಂತು. ಸಂಜೆ ರಾಯಬಾಗ ಕಡೆಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆಗೆ ಬಂದರು. ಹೊಸ ಪ್ರೋಗ್ರಾಂ ತೋರಿಸುವ ಉಮೇದು ನಮಗೆ. ಒಂದು ಪ್ರೂಫ್ ತೆಗೆದು ಕೈಗೆ ಕೊಟ್ಟೆ. ಹುಡುಗಿಯ ಹೆಸರು ಅನ್ನಪೂರ್ಣಾ. ಕಾಗದದ ಮೇಲೆ ಬಂದದ್ದು “ಅನ್‌ನಪೂರ್‌ಣಾ”. ಒತ್ತು ಕೆಳಗಿಳಿದಿಲ್ಲ, ಅರ್ಕಾವೊತ್ತು ಇಲ್ಲ. ಹಿರಿಯರು ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು.

“ಇದು ನಮ್ಮ ಹುಡುಗಿ ಹೆಸರ ಅಲ್ರೀ” ಎಂದರು. ಸಿಟ್ಟು ಮಾಡಲಿಲ್ಲ. ಪ್ರೂಫ್ ಮಡಚಿ ಮೇಜಿನ ಮೇಲಿಟ್ಟು ಎದ್ದು ಹೋದರು. ಮರುದಿನ ಬೇರೆ ಪ್ರೆಸ್ಸಿಗೆ ಹೋದರೆಂದು ತಿಳಿಯಿತು.

ಆ ರಾತ್ರಿ ನಾನು ಹುಡುಗನ ಪಕ್ಕ ಕುಳಿತೆ. “ಆ ಸಾಲ ಮತ್ತ ಹಾಕು. ಎರರ್ ಬರ್ಲಿ. ಅದು ಏನ್ ಕೇಳ್ತೈತಿ ಅದನ್ನ ಓದೋಣ” ಎಂದೆ.

ಲಿಂಕರ್ ಅಂದರೆ ಯಾರು?

ಗೆಳೆಯರೇ, 1995ರ ಸುಮಾರಿಗೆ ನಾನು ಚಡ್ಡಿ ಹುಡುಗನಾಗಿ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ. ಟ್ರೆಡಲ್ ಯಂತ್ರದ ಕಾಲ. ಒಬ್ಬೊಬ್ಬರು ಒಂದೊಂದು ಪುಟ ಕಂಪೋಸ್ ಮಾಡುತ್ತಿದ್ದರು. ನಡುವೆ ದೇವರ ಚಿತ್ರವೋ, ಮುಖಂಡರ ಚಿತ್ರವೋ ಬರಬೇಕಿದ್ದರೆ ಅಷ್ಟು ಜಾಗ ಖಾಲಿ ಬಿಡುತ್ತಿದ್ದರು. ಚಿತ್ರದ ಬ್ಲಾಕು ಬೆಳಗಾವಿಯಿಂದಲೋ ಕೊಲ್ಹಾಪುರದಿಂದಲೋ ಬರಬೇಕು. ಅದರ ಅಳತೆ ಚೀಟಿಯಲ್ಲಿ ಇರುತ್ತಿತ್ತು. ಕಂಪೋಸಿಟರನಿಗೆ ಆ ಚೀಟಿ ಸಾಕು. ಆದರೆ ಕಡೆಗೆ ಎಲ್ಲ ಪುಟ ಕೂಡಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯುವವನಿದ್ದಾನಲ್ಲ, ಅವನಿಗೆ ಚೀಟಿ ಸಾಲದು. ಬ್ಲಾಕೇ ಬೇಕು. ಇಲ್ಲದಿದ್ದರೆ ಅವನು ಬಿಗಿಯುವುದಿಲ್ಲ. “ಮೂರನೇ ಪುಟದ ಗಣಪತಿ ಬ್ಲಾಕ್ ಎಲ್ಲೈತಿ?” ಎಂದು ಹೆಸರು ಹಿಡಿದು ಕೂಗುತ್ತಾನೆ.

ಕಂಪೈಲರ್ ನಮ್ಮ ಕಂಪೋಸಿಟರ್. ಹೆಡರ್ ಕಡತ ಅಳತೆಯ ಚೀಟಿ. ಲೈಬ್ರರಿ ಕಡತ ಬ್ಲಾಕು. ಲಿಂಕರ್ ಕಡೆಗೆ ಬಿಗಿಯುವ ಮನುಷ್ಯ. ನೀವು ಹೆಡರ್ ಸೇರಿಸಿದಿರಿ ಎಂದ ಮಾತ್ರಕ್ಕೆ ಲೈಬ್ರರಿ ಬಂದಂತಲ್ಲ. ಕಂಪೈಲ್ ಆಯಿತು, ಲಿಂಕ್ ಆಗಲಿಲ್ಲ ಎಂದರೆ ನಿಮ್ಮ ವ್ಯಾಕರಣ ಸರಿ ಇದೆ, ಕರೆದ ಹೆಸರಿನ ಹಿಂದಿನ ಸರಕು ಸಿಕ್ಕಿಲ್ಲ ಎಂದರ್ಥ. ಲಿನಕ್ಸ್‌ನಲ್ಲಿ ಇದನ್ನೇ “ಅನ್‌ಡಿಫೈನ್ಡ್ ರೆಫರೆನ್ಸ್” ಎನ್ನುತ್ತದೆ. ವಿಂಡೋಸ್‌ನ ವಿಷುವಲ್ ಸ್ಟುಡಿಯೋ “ಎಲ್‌ಎನ್‌ಕೆ 2019” ಎನ್ನುತ್ತದೆ. ಮಾತು ಬೇರೆ, ದೂರು ಒಂದೇ.

ಹೆಸರು ಓದಿ!

ನಮ್ಮ ಎರರ್‌ನಲ್ಲಿ ಇದ್ದ ಹೆಸರು “ಎಚ್‌ಬಿ ಎಫ್‌ಟಿ ಫಾಂಟ್ ಕ್ರಿಯೇಟ್”. ಎಚ್‌ಬಿ ಅಂದರೆ ಹಾರ್ಫ್‌ಬಜ್. ಎಫ್‌ಟಿ ಅಂದರೆ ಫ್ರೀಟೈಪ್. ಎರಡನ್ನೂ ಕೂಡಿಸುವ ಕೊಂಡಿ ಅದು. ನಾನು ಹುಡುಗನಿಗೆ ಕೇಳಿದೆ, ಹಾರ್ಫ್‌ಬಜ್‌ನ ಬೇರೆ ಹೆಸರುಗಳನ್ನೂ ಕರೆದಿದ್ದೀಯಲ್ಲ, ಅವುಗಳ ಮೇಲೆ ದೂರು ಇದೆಯೇ? ಇಲ್ಲ ಎಂದ. “ಎಚ್‌ಬಿ ಶೇಪ್” ಸಿಕ್ಕಿತ್ತು, “ಎಚ್‌ಬಿ ಬಫರ್ ಕ್ರಿಯೇಟ್” ಸಿಕ್ಕಿತ್ತು. ಸಿಗದಿದ್ದುದು ಇದೊಂದೇ.

ಇಲ್ಲೇ ಅರ್ಧ ಉತ್ತರ ಬಂತು ನೋಡಿ. ಲೈಬ್ರರಿಯೇ ಇಲ್ಲದಿದ್ದರೆ ಎಲ್ಲ ಹೆಸರಿನ ಮೇಲೂ ದೂರು ಬರಬೇಕಿತ್ತು. ಒಂದೇ ಹೆಸರಿನ ಮೇಲೆ ಬಂದರೆ ಲೈಬ್ರರಿ ಇದೆ, ಅದರಲ್ಲಿ ಆ ಭಾಗ ಇಲ್ಲ. ಅಳಿಯ ಎಲ್ಲಿಂದಲೋ ಕಟ್ಟಿಟ್ಟ ಲೈಬ್ರರಿ ಇಳಿಸಿಕೊಂಡಿದ್ದ. ಅದನ್ನು ಕಟ್ಟಿದವರು ಫ್ರೀಟೈಪ್ ಕೊಂಡಿಯನ್ನು ಬಿಟ್ಟು ಕಟ್ಟಿದ್ದರು. ಹಾಗೆ ಕಟ್ಟುವುದು ತಪ್ಪಲ್ಲ, ಅದೊಂದು ಆಯ್ಕೆ. ಆದರೆ ನಮಗೆ ಬೇಕಾದದ್ದು ಅದಾಗಿರಲಿಲ್ಲ. ಹೆಡರ್ ಬೇರೆ ಕಡೆಯಿಂದ ಬಂದಿತ್ತು, ಅದರಲ್ಲಿ ಹೆಸರಿತ್ತು. ಚೀಟಿ ಇದೆ, ಬ್ಲಾಕು ಇಲ್ಲ!

ಊಹೆ ಮಾಡಿ ಕೂರಬೇಡಿ, ಪೆಟ್ಟಿಗೆ ತೆರೆದು ನೋಡಿ. ಲೈಬ್ರರಿಯೊಳಗೆ ಯಾವ ಹೆಸರುಗಳಿವೆ ಎಂದು ತೋರಿಸುವ ಸಲಕರಣೆ ಇದೆ. ವಿಂಡೋಸ್‌ನಲ್ಲಿ ಡಂಪ್‌ಬಿನ್, ಲಿನಕ್ಸ್‌ನಲ್ಲಿ ಎನ್‌ಎಂ. ನೋಡಿದೆವು, ಆ ಹೆಸರು ಇರಲಿಲ್ಲ. ಹಾರ್ಫ್‌ಬಜ್‌ನ ಮೂಲ ತಂದು, ಮೆಸನ್ ಎಂಬ ಸಲಕರಣೆಯಲ್ಲಿ ಫ್ರೀಟೈಪ್ ಆಯ್ಕೆಯನ್ನು “ಎನೇಬಲ್ಡ್” ಎಂದು ಕೊಟ್ಟು ನಾವೇ ಕಟ್ಟಿದೆವು.

ಮೊಳೆಯ ಎತ್ತರ

ಕೆಲಸ ಮುಗಿಯಿತು ಎಂದುಕೊಂಡೆವು. ಮತ್ತೆ ಲಿಂಕ್ ಮಾಡಿದರೆ ಪರದೆ ತುಂಬ ಕೆಂಪು! ಈಗ ಹಾರ್ಫ್‌ಬಜ್‌ನ ಪ್ರತಿಯೊಂದು ಹೆಸರೂ ಸಿಕ್ಕಿಲ್ಲವಂತೆ. ಹುಡುಗ ಅಳುವುದೊಂದು ಬಾಕಿ. “ಕಡೀ ಸಾಲ ಬಿಡು, ಮೊದಲನೇ ಸಾಲ ಓದು” ಎಂದೆ. ಎಲ್ಲಕ್ಕಿಂತ ಮೇಲೆ ಒಂದು ಎಚ್ಚರಿಕೆ ಇತ್ತು, ಎಲ್‌ಎನ್‌ಕೆ 4272. ಲೈಬ್ರರಿಯ ಯಂತ್ರದ ಜಾತಿಯೂ ಪ್ರೋಗ್ರಾಂನ ಯಂತ್ರದ ಜಾತಿಯೂ ಹೊಂದುವುದಿಲ್ಲ ಎಂದು ಅದು ಹೇಳುತ್ತಿತ್ತು. ನಾವು ಲೈಬ್ರರಿಯನ್ನು 32 ಬಿಟ್‌ಗೆ ಕಟ್ಟಿದ್ದೆವು, ಪ್ರೋಗ್ರಾಂ 64 ಬಿಟ್‌ನದು.

ಮೊಳೆ ಜೋಡಿಸಿದವನಿಗೆ ಇದು ಹೊಸದಲ್ಲ. ಎರಡು ಫೌಂಡ್ರಿಯ ಮೊಳೆ ಬೆರೆಸಿದರೆ, ಒಂದು ಕೂದಲೆಳೆಯಷ್ಟು ಎತ್ತರ, ಇನ್ನೊಂದು ತಗ್ಗು. ಎತ್ತರದ್ದು ಕಾಗದ ಹರಿಯುತ್ತದೆ, ತಗ್ಗಿನದು ಮೂಡುವುದೇ ಇಲ್ಲ. ಇಲ್ಲೂ ಹಾಗೆ. 64ರ ಲಿಂಕರ್ 32ರ ಸರಕನ್ನು ಮುಟ್ಟುವುದಿಲ್ಲ, ಪಕ್ಕಕ್ಕೆ ಸರಿಸಿ “ಹೆಸರು ಸಿಕ್ಕಿಲ್ಲ” ಎನ್ನುತ್ತದೆ. ಲಿನಕ್ಸ್‌ನಲ್ಲಾದರೆ “ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್” ಎಂಬ ಸಾಲು ಬರುತ್ತದೆ. ನೂರು ಎರರ್ ಬಂದರೆ ನೂರು ರೋಗ ಎಂದು ಹೆದರಬೇಡಿ. ಬಹಳ ಸಲ ರೋಗ ಒಂದೇ, ಅದು ಮೊದಲನೇ ಸಾಲಿನಲ್ಲಿರುತ್ತದೆ.

ಇದರ ತಮ್ಮನಂಥ ಇನ್ನೊಂದು ಎರರ್ ಇದೆ, ಎಲ್‌ಎನ್‌ಕೆ 2038. ಲೈಬ್ರರಿಯನ್ನು ಡೀಬಗ್ ರೀತಿಯಲ್ಲಿ ಕಟ್ಟಿ, ಪ್ರೋಗ್ರಾಂ ಅನ್ನು ರಿಲೀಸ್ ರೀತಿಯಲ್ಲಿ ಕಟ್ಟಿದರೆ ಇದು ಬರುತ್ತದೆ. ಎರಡನ್ನೂ ಒಂದೇ ರೀತಿ ಕಟ್ಟಿದರೆ ಹೋಗುತ್ತದೆ. ವಿಷುವಲ್ ಸ್ಟುಡಿಯೋ 2015ಕ್ಕಿಂತ ಹಿಂದಿನ ಆವೃತ್ತಿಯಲ್ಲಿ ಕಟ್ಟಿದ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ಇಂದಿನದರಲ್ಲಿ ಸೇರಿಸಲು ಹೋಗಬೇಡಿ, ಹೊಂದುವುದಿಲ್ಲ. 2015, 2017, 2019, 2022 ಇವು ತಮ್ಮತಮ್ಮಲ್ಲಿ ಹೊಂದುತ್ತವೆ. ಹಳೆಯ ಆವೃತ್ತಿಯಲ್ಲಿ ಕಟ್ಟಿದ ಲೈಬ್ರರಿಯನ್ನು ಹೊಸದರಲ್ಲಿ ಬಿಗಿಯಬಹುದು. ಹೊಸದರಲ್ಲಿ ಕಟ್ಟಿದ್ದನ್ನು ಹಳೆಯ ಲಿಂಕರ್‌ಗೆ ಕೊಡಬಾರದು.

“ಎಲ್‌ಎನ್‌ಕೆ 1104” ಬಂದರೆ ಅದು ಸುಲಭದ ಕೇಸು. ಆ ಹೆಸರಿನ ಕಡತವೇ ತೆರೆಯಲಿಲ್ಲ ಎಂದರ್ಥ. ಬಹಳ ಸಲ ಅದು ಯಾವ ಫೋಲ್ಡರಿನಲ್ಲಿದೆ ಎಂದು ನೀವು ಹೇಳಿರುವುದಿಲ್ಲ. ಲಿನಕ್ಸ್‌ನಲ್ಲಿ “ಕೆನಾಟ್ ಫೈಂಡ್” ಎಂದು ಲೈಬ್ರರಿಯ ಹೆಸರು ಬಂದರೆ, ಹೆಸರಿನ ಕೊನೆಗೆ “ಡೆವ್” ಎಂದಿರುವ ಪ್ಯಾಕೇಜನ್ನು ಹಾಕಿಕೊಂಡಿದ್ದೀರಾ ನೋಡಿ. “ಎಲ್‌ಎನ್‌ಕೆ 2005” ಬಂದರೆ ಒಂದೇ ಹೆಸರಿನ ಸರಕು ಎರಡು ಕಡೆ ಇದೆ. ಒಂದು ಜಾಗಕ್ಕೆ ಎರಡು ಬ್ಲಾಕು ತಂದಿದ್ದೀರಿ, ಒಂದನ್ನು ಹೊರಗಿಡಿ.

ಉಗಾರ ಖುರ್ದೋ, ಉಗಾರ ಬುದ್ರುಕೋ?

ಕಾಗದದ ಅಳತೆ ಲೆಕ್ಕ ಹಾಕುವ ಒಂದು ಹಳೆಯ ಕಡತ ಹುಡುಗನ ಬಳಿ ಇತ್ತು. ಅದು ಬರೀ ಸಿ ಭಾಷೆಯದು. ಅದನ್ನು ಸಿ ಪ್ಲಸ್ ಪ್ಲಸ್ ಕಡತದಿಂದ ಕರೆದ. ಮತ್ತೆ ಅನ್‌ರಿಸಾಲ್ವ್ಡ್! ಪೆಟ್ಟಿಗೆ ತೆರೆದು ನೋಡಿದರೆ ಹೆಸರು ಇದೆ. ಇದ್ದೂ ಸಿಗುವುದಿಲ್ಲ ಅಂದರೆ ಏನು?

ಎರರ್‌ನಲ್ಲಿದ್ದ ಹೆಸರನ್ನು ಸರಿಯಾಗಿ ನೋಡಿದೆವು. ಮುಂದೆ ಪ್ರಶ್ನಾರ್ಥಕ ಚಿಹ್ನೆ, ಹಿಂದೆ ಅಟ್ ಚಿಹ್ನೆಗಳ ಉದ್ದನೆಯ ಬಾಲ. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೇ ಹೆಸರಿನ ಎರಡು ಕೆಲಸಗಳಿರಬಹುದು. ಅದಕ್ಕಾಗಿ ಅದು ಹೆಸರಿಗೆ ಬಾಲ ಹಚ್ಚಿ ಬೇರೆಬೇರೆ ಗುರುತಿಸುತ್ತದೆ. ಸಿ ಭಾಷೆ ಹಾಗೆ ಬಾಲ ಹಚ್ಚುವುದಿಲ್ಲ. ನಮ್ಮ ಕಾಗವಾಡ ತಾಲೂಕಿನಲ್ಲಿ ಉಗಾರ ಖುರ್ದ ಇದೆ, ಉಗಾರ ಬುದ್ರುಕ ಇದೆ. ಒಬ್ಬ ಖುರ್ದ ಅಂತ ಪೂರಾ ವಿಳಾಸ ಕೇಳುತ್ತಾನೆ, ಇನ್ನೊಬ್ಬ ಬರೀ ಉಗಾರ ಅಂತ ಬರೆದಿಟ್ಟಿದ್ದಾನೆ. ಮನೆ ಅದೇ, ಕಾಗದ ಮುಟ್ಟುವುದಿಲ್ಲ. ಇದಕ್ಕೆ ಮದ್ದು ಹೆಡರ್‌ನಲ್ಲಿ “ಎಕ್ಸ್‌ಟರ್ನ್ ಸಿ” ಎಂಬ ಎರಡು ಪದ. ಈ ಹೆಸರಿಗೆ ಬಾಲ ಹಚ್ಚಬೇಡ ಎಂದು ಕಂಪೈಲರ್‌ಗೆ ಹೇಳಿದಂತೆ. ಹಾರ್ಫ್‌ಬಜ್, ಫ್ರೀಟೈಪ್ ಹೆಡರ್‌ಗಳಲ್ಲಿ ಇದನ್ನು ಅವರೇ ಹಾಕಿಟ್ಟಿದ್ದಾರೆ. ನಮ್ಮ ಸ್ವಂತ ಕಡತಕ್ಕೆ ನಾವೇ ಹಾಕಬೇಕು.

ಸಂತೆಗೆ ಹೋದ ಹುಡುಗ

ವಿಂಡೋಸ್‌ನಲ್ಲಿ ಲಿಂಕ್ ಆಯಿತು. ಅಳಿಯನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಅಲ್ಲಿ ಲೈಬ್ರರಿಗಳನ್ನು ಪ್ರೋಗ್ರಾಂನೊಳಗೇ ಬಿಗಿದು ಒಂದೇ ಕಡತ ಮಾಡಬೇಕೆಂದು ಅವನ ಹಟ. ಅಲ್ಲಿ ಹೊಸ ಪೇಚು. ಲೈಬ್ರರಿ ಇದೆ, 64 ಬಿಟ್‌ನದೇ ಇದೆ, ಹೆಸರೂ ಒಳಗಿದೆ. ಆದರೂ ಅನ್‌ಡಿಫೈನ್ಡ್ ರೆಫರೆನ್ಸ್.

ಗ್ನು ಲಿಂಕರ್ ಇಂಥ ಲೈಬ್ರರಿಗಳನ್ನು ಎಡದಿಂದ ಬಲಕ್ಕೆ ಒಂದೇ ಸಲ ನೋಡುತ್ತದೆ. ಚಿಕ್ಕೋಡಿಯ ಸಂತೆಗೆ ಚೀಟಿ ಕೊಟ್ಟು ಕಳಿಸಿದ ಹುಡುಗನಂತೆ. ಅಂಗಡಿ ಮುಂದೆ ನಿಂತಾಗ ಚೀಟಿಯಲ್ಲಿ ಏನಿದೆಯೋ ಅಷ್ಟೇ ಕೊಳ್ಳುತ್ತಾನೆ. ದಾಟಿ ಹೋದ ಮೇಲೆ ಚೀಟಿಗೆ ಹೊಸದು ಸೇರಿಸಿದರೆ ತಿರುಗಿ ಬರುವುದಿಲ್ಲ. ಆದ್ದರಿಂದ ಕೇಳುವವನ ಹೆಸರು ಮೊದಲು, ಕೊಡುವವನ ಹೆಸರು ಆಮೇಲೆ. ಮೊದಲು ನಿಮ್ಮ ಕಡತ, ಆಮೇಲೆ ಹಾರ್ಫ್‌ಬಜ್, ಆಮೇಲೆ ಫ್ರೀಟೈಪ್.

ನಮ್ಮಲ್ಲಿ ಅಷ್ಟಕ್ಕೂ ಬಗೆಹರಿಯಲಿಲ್ಲ. ಏಕೆಂದರೆ ಇವೆರಡು ಲೈಬ್ರರಿಗಳದು ಬೀಗತನದ ಸಂಬಂಧ. ಹಾರ್ಫ್‌ಬಜ್ ಫ್ರೀಟೈಪನ್ನು ಕೇಳುತ್ತದೆ. ಫ್ರೀಟೈಪನ್ನೂ ಹಾರ್ಫ್‌ಬಜ್ ಕೂಡಿಸಿ ಕಟ್ಟಿದ್ದರೆ, ಅದು ತಿರುಗಿ ಹಾರ್ಫ್‌ಬಜನ್ನು ಕೇಳುತ್ತದೆ! ಹುಡುಗ ಎರಡು ಸುತ್ತು ಸಂತೆ ತಿರುಗಲೇಬೇಕು. ಹಾರ್ಫ್‌ಬಜ್ ಹೆಸರನ್ನು ಫ್ರೀಟೈಪ್ ಆದಮೇಲೆ ಇನ್ನೊಮ್ಮೆ ಬರೆಯಿರಿ. ಇಲ್ಲವೇ “ಸ್ಟಾರ್ಟ್ ಗ್ರೂಪ್”, “ಎಂಡ್ ಗ್ರೂಪ್” ಎಂಬ ಎರಡು ಆಯ್ಕೆಗಳ ನಡುವೆ ಎರಡನ್ನೂ ಇಡಿ. ಆಗ ಲಿಂಕರ್ ಹೊಸ ಬೇಡಿಕೆ ತೀರುವವರೆಗೆ ತಿರುಗುತ್ತದೆ. ಇಷ್ಟೆಲ್ಲ ಕೈಯಿಂದ ಬರೆಯುವ ಬದಲು ಪಿಕೆಜಿ-ಕಾನ್ಫಿಗ್ ಎಂಬ ಸಲಕರಣೆಯನ್ನು ಕೇಳಿದರೆ ಯಾವ ಲೈಬ್ರರಿಗೆ ಇನ್ನಾವುದು ಬೇಕೆಂದು ಅದೇ ಪಟ್ಟಿ ಕೊಡುತ್ತದೆ. ಒಳಗೇ ಬಿಗಿಯುವುದಾದರೆ “ಸ್ಟ್ಯಾಟಿಕ್” ಎಂದು ಸೇರಿಸಿ ಕೇಳಬೇಕು.

ಬಿಗಿದಾಯಿತು, ಓಡಲಿಲ್ಲ

ನಾಲ್ಕನೇ ದಿನ ವಿಂಡೋಸ್‌ನ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪ್ರೆಸ್ಸಿನ ಮುಂಗಟ್ಟೆಯ ಕಂಪ್ಯೂಟರಿಗೆ ತಂದೆವು. ಒತ್ತಿದರೆ, ಡಿಎಲ್‌ಎಲ್ ಕಡತ ಸಿಗಲಿಲ್ಲ ಎಂಬ ಪೆಟ್ಟಿಗೆ ಎದ್ದಿತು. ಇದು ಲಿಂಕರ್‌ನ ದೂರಲ್ಲ, ಅದರ ಕೆಲಸ ಮುಗಿದಿದೆ. ಹೊರಗಿನ ಲೈಬ್ರರಿಯನ್ನು ಎರಡು ರೀತಿ ಸೇರಿಸಬಹುದು. ಒಂದು, ಬ್ಲಾಕನ್ನು ಚೌಕಟ್ಟಿನೊಳಗೇ ಬಿಗಿಯುವುದು. ಇನ್ನೊಂದು, ಅಚ್ಚು ಹಾಕುವ ಹೊತ್ತಿಗೆ ಪಕ್ಕದ ಪ್ರೆಸ್ಸಿನಿಂದ ಎರವಲು ತರುವುದು. ಡಿಎಲ್‌ಎಲ್ ಎರವಲಿನ ಲೆಕ್ಕ. ಅಳಿಯನ ಕಂಪ್ಯೂಟರಿನಲ್ಲಿ ಅದು ಇತ್ತು, ನನ್ನದರಲ್ಲಿ ಇರಲಿಲ್ಲ. ಆ ಕಡತಗಳನ್ನು ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಇಟ್ಟೆವು. ಓಡಿತು.

ನಾನು ಮೊದಲು ಹೊಡೆದ ಹೆಸರು ಅನ್ನಪೂರ್ಣಾ. ನಕಾರದ ಕೆಳಗೆ ಒತ್ತು ಬಂದು ಕುಳಿತಿತು. ಣಕಾರದ ಬಲಕ್ಕೆ ಅರ್ಕಾವೊತ್ತು ಬಂದು ನಿಂತಿತು. ಪಕ್ಕದ ಪುಟದ ಮರಾಠಿಯೂ ಸರಿಯಾಗಿ ಬಂತು. ಹುಡುಗ ಕುಣಿದ. ನನಗೆ ಮಾತ್ರ ಆ ಹಿರಿಯರ ಮುಖ ಕಣ್ಣ ಮುಂದೆ ಬಂತು. ಅವರ ಪತ್ರಿಕೆ ಆಗಲೇ ಬೇರೆ ಪ್ರೆಸ್ಸಿನಲ್ಲಿ ಅಚ್ಚಾಗಿ, ಊರೂರಿಗೆ ಹಂಚಿಯೂ ಆಗಿತ್ತು.

ತಮ್ಮಂದಿರೇ, ನೀವು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಕಚೇರಿಗಳಲ್ಲಿ ಸಾಫ್ಟ್‌ವೇರ್ ಕಟ್ಟುವವರು. ನಿಮಗೆ ಹೇಳುವುದಿಷ್ಟೇ. ಲೈಬ್ರರಿ ಕೂಡಲಿಲ್ಲ ಎಂದು ಒಂದು ಭಾಗವನ್ನು ತೆಗೆದುಹಾಕುವಾಗ, ಆ ಭಾಗ ಯಾರಿಗಾಗಿ ಇತ್ತು ಎಂದು ಕೇಳಿಕೊಳ್ಳಿ. ಇಂಗ್ಲಿಷ್‌ಗೆ ಹಾರ್ಫ್‌ಬಜ್ ಇಲ್ಲದೆಯೂ ನಡೆದುಹೋಗುತ್ತದೆ. ಆದ್ದರಿಂದ ಅದನ್ನು ತೆಗೆದವನಿಗೆ ಏನೂ ಕೆಟ್ಟಂತೆ ಕಾಣುವುದಿಲ್ಲ. ಕೆಡುವುದು ಕನ್ನಡ, ಮರಾಠಿ, ಹಿಂದಿ, ಉರ್ದು. ಇದು ನಮ್ಮ ಪ್ರೆಸ್ಸಿನ ಕಥೆ ಮಾತ್ರವಲ್ಲ. ಪೈಥಾನ್‌ನಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯುವ ಪಿಲ್ಲೋ ಎಂಬ ಲೈಬ್ರರಿ ಇದೆ. ಅದರ ಜೊತೆಗೆ ರಾಕ್ಮ್ ಎಂಬ ಇನ್ನೊಂದು ಕೂಡಿದ್ದರೆ ಮಾತ್ರ ಕನ್ನಡ ಸರಿಯಾಗಿ ಬರುತ್ತದೆ. ಕೂಡದಿದ್ದರೆ ಅದು ಎರರ್ ಕೊಡದೆ ಸಾದಾ ಜೋಡಣೆಗೆ ಇಳಿದುಬಿಡುತ್ತದೆ, ಒತ್ತು ಒಡೆಯುತ್ತದೆ. ಸ್ಕ್ರೈಬಸ್ ಎಂಬ ಪುಟ ವಿನ್ಯಾಸದ ತಂತ್ರಾಂಶದೊಳಗೆ ಹಾರ್ಫ್‌ಬಜ್ ಕೂಡಿದ್ದು 2017ರ 1.5.3 ಆವೃತ್ತಿಯಲ್ಲಿ. ಯಾರೋ ಕುಳಿತು ಆ ಜೋಡಣೆ ಮಾಡಿದರು, ನಮ್ಮ ಅಕ್ಷರಕ್ಕೂ ಅಲ್ಲಿ ಜಾಗವಾಯಿತು.

ಕೂಗುವ ಲಿಂಕರ್ ನಿಮ್ಮ ವೈರಿಯಲ್ಲ. ಬ್ಲಾಕ್ ಇಲ್ಲದೆ ಚೌಕಟ್ಟು ಬಿಗಿಯಲೊಲ್ಲದ ಆ ಹಳೆಯ ಕೆಲಸಗಾರನನ್ನು ನನ್ನ ಅಪ್ಪ ಎಂದೂ ಬೈಯಲಿಲ್ಲ. ಮೊದಲನೇ ಸಾಲು ಓದಿ. ಹೆಸರು ಗುರುತಿಸಿ. ಅದು ಯಾವ ಲೈಬ್ರರಿಯದು, ಆ ಲೈಬ್ರರಿಯೊಳಗೆ ನಿಜವಾಗಿ ಇದೆಯೇ, ಬಿಟ್ಟು ಹೊಂದುತ್ತದೆಯೇ, ಹೆಸರಿಗೆ ಬಾಲ ಬಂದಿದೆಯೇ, ಸರದಿ ಸರಿ ಇದೆಯೇ ಎಂದು ಒಂದೊಂದಾಗಿ ನೋಡಿ. ಕೊನೆಗೆ, ಕೆಲಸ ಆಯಿತು ಎಂದು ಹೇಳುವ ಮೊದಲು ಒಂದು ಕನ್ನಡದ ಹೆಸರು ಹೊಡೆದು ನೋಡಿ. ಒತ್ತಿರುವ, ಅರ್ಕಾವೊತ್ತಿರುವ ಹೆಸರು. ನಿಮ್ಮ ಅವ್ವನ ಹೆಸರೋ ಅಕ್ಕನ ಹೆಸರೋ ಹಾಗಿದ್ದರೆ ಅದನ್ನೇ ಹೊಡೆಯಿರಿ.

ಆ ದಿನದ ಪ್ರೂಫ್ ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ಹಿರಿಯರು ಮಡಚಿಟ್ಟ ಗೆರೆ ಹಾಗೇ ಇದೆ. ಅಳಿಯ ರಜೆಗೆ ಬಂದಾಗಲೊಮ್ಮೆ ಅದನ್ನು ನೋಡಿಯೇ ಕೆಲಸಕ್ಕೆ ಕೂಡುತ್ತಾನೆ.